ಕಾಕಾನ ನಾಲ್ಕು ಮಗ್ಗುಲಿನ ಕಥೆ

ಕಾಕಾನ ಬಲಗೈ ಕಿರುಬೆರಳಿನ ಉಗುರು ಹುಣಸೆಬೀಜದಷ್ಟು ಉದ್ದ ಬೆಳೆದಿತ್ತು. ಅದರಿಂದ ಕಿವಿ ಕೆರೆದುಕೊಂಡು, ಧೋತರಕ್ಕೆ ಒರೆಸಿ, ಅದೇ ಉಗುರಿನಿಂದ ರಿಕಾರ್ಡ್ ಪ್ಲೇಯರಿನ ಮುಳ್ಳಿನ ಧೂಳು ತೆಗೆಯುತ್ತಿದ್ದ. ನನಗೆ ವಾಕರಿಕೆ ಬರುತ್ತಿತ್ತು. ಆ ಮುಳ್ಳಿನಿಂದ ಹೊರಡುತ್ತಿದ್ದ ಸಂಗೀತಕ್ಕೆ ಅದೇ ಸರಿ ಅಂತಲೂ ಅನ್ನಿಸುತ್ತಿತ್ತು.

ಕಾಕಾ ನನ್ನ ಅಪ್ಪನ ತಮ್ಮ. ಗಂಗಾವತಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಎಪ್ಪತ್ತರ ದಶಕದಲ್ಲಿ ಆನೆಗೊಂದಿಯಲ್ಲಿ ಬಿಡಾರ ಹೂಡಿದ್ದ ಉದ್ದಗೂದಲಿನ ಬಿಳಿಯನೊಬ್ಬ ಊರಿಗೆ ಮರಳುವಾಗ ರಾಕ್ ಸಂಗೀತದ ಎರಡು ದೊಡ್ಡ ರಿಕಾರ್ಡು ಇವನ ಕೈಗಿಟ್ಟು ಹೋದ. ಎರಡರ ಹಿಂದುಮುಂದಿನ ನಾಲ್ಕೂ ಮಗ್ಗುಲಿಗೆ ಸೇರಿ ಒಂದೇ ಕಥೆಯಂತೆ. ಕಾಕಾನಿಗೆ ಇಂಗ್ಲಿಷ್ ಬಾರದು. ಹೊದಿಕೆಯ ಚಿತ್ರ ನೋಡಿ ತಾನೇ ಕಥೆ ಕಟ್ಟಿಕೊಂಡ. ನೆರಳು ಕಳೆದುಕೊಂಡ ರಾಜ ಪಾತಾಳಕ್ಕಿಳಿದು, ಕೊನೆಗೆ ಅಲ್ಲಿನ ರಾಜಕುಮಾರಿಯನ್ನು ಮದುವೆಯಾಗುತ್ತಾನೆ.

ಒಂದನ್ನು ಒಪ್ಪಲೇಬೇಕು. ಮೊದಲ ಮಗ್ಗುಲಿನಲ್ಲಿ ಕೊಳಲಿನಲ್ಲಿ ಬಂದ ರಾಗ ಮೂರನೆಯದರಲ್ಲಿ ಮೆಲ್ಲಗೆ, ಬಳಲಿದಂತೆ ತಿರುಗಿ ಬರುತ್ತಿತ್ತು. "ನೋಡವ್ವಾ, ಅದ ರಾಗ. ಮುಪ್ಪಾಗಿ ಬಂದೈತಿ," ಎಂದು ಕಾಕಾ ಕಣ್ಣು ಮುಚ್ಚುತ್ತಿದ್ದ. ನನ್ನ ಮೈಯೂ ಜುಮ್ಮೆನ್ನುತ್ತಿತ್ತು. ಅಲ್ಲಿಗೇ ಬಿಡಬಾರದೇ? ಡ್ರಮ್ಮಿನವನು ಹಳೇ ಸೇಡು ತೀರಿಸಿಕೊಳ್ಳುವವನಂತೆ ಬಡಿಯಬೇಕು, ಕೀಬೋರ್ಡಿನವನು ಒಂದೇ ಮೆಟ್ಟಿಲನ್ನು ಹತ್ತಿ ಇಳಿದು ಮತ್ತೆ ಹತ್ತಬೇಕು. ನಮ್ಮ ಬಯಲಾಟದ ರಾಜನಾದರೂ ತನ್ನ ಹೊಗಳಿಕೆ ಮುಗಿಸಿ ಕೂಡುತ್ತಾನೆ. ಇವರು ಕೂಡುವ ಪೈಕಿಯಲ್ಲ. ಸಾಕು, ತೆಗೆ ಎಂದರೆ ಕಾಕಾ, "ಕಥಿ ಅರ್ಧಕ್ಕ ಬಿಟ್ರ ಆ ರಾಜ ಎಲ್ಲಿಗೆ ಹೋಗಬೇಕವ್ವಾ?" ಅನ್ನುತ್ತಿದ್ದ.

ಕಾರಟಗಿಯಲ್ಲಿ ನನ್ನ ಮದುವೆಯಾಯಿತು. ಮೈಕು ಕಾಕಾನದೇ. ನಾಲ್ಕನೆಯ ಮಗ್ಗುಲು ರಾಜನ ಮದುವೆಯದು ಎಂದು ನಂಬಿದ್ದ ಅವನು, ಅಕ್ಕಿಕಾಳಿನ, ಅಂದರೆ ಅಕ್ಷತೆಯ ಹೊತ್ತಿಗೆ ಅದನ್ನೇ ಹಚ್ಚಿದ. ಹಿಂದೆ ಕೂತವರಿಗೆ ತಾಳಿ ಕಟ್ಟುವುದು ಕಾಣುವುದಿಲ್ಲ. ವಾಜಂತ್ರಿಯವರ ವಾದ್ಯ ಜೋರಾದರೆ ಅಕ್ಕಿಕಾಳು ಎಸೆಯುವುದು ರೂಢಿ. ಲೌಡ್‌ಸ್ಪೀಕರಿನಲ್ಲಿ ಡ್ರಮ್ಮು ಗುಡುಗಿದ್ದೇ ಜನ ಎಸೆದರು. ಅಯ್ಯನವರು ಇನ್ನೂ ಮಂತ್ರ ಶುರು ಮಾಡಿರಲಿಲ್ಲ. ಆ ದರಿದ್ರ ಸಂಗೀತ ಮುಗಿದಂತೆ ಮಾಡಿ ಮತ್ತೆ ಏಳುತ್ತಿತ್ತು, ಜನ ಮತ್ತೆ ಎಸೆಯುತ್ತಿದ್ದರು. ಕೊರಳಿಗೆ ತಾಳಿ ಬೀಳುವಾಗ ಯಾರ ಕೈಯಲ್ಲೂ ಒಂದು ಕಾಳು ಉಳಿದಿರಲಿಲ್ಲ. ಇದು ಅಪಶಕುನ ಎಂದು ಅತ್ತೆ ಎಲ್ಲರಿಗೂ ಕೇಳುವಂತೆ ಅಂದರು.

ಮಾವನವರು ಹೋಗಿ ವಯರ್ ಕಿತ್ತರು. ಕಾಕಾ ಉಣ್ಣದೆ ಗಾಡಿ ಕಟ್ಟಿಸಿದ. ಸುದ್ದಿ ಹಬ್ಬಿ, ಆಮೇಲೆ ಅವನನ್ನು ಮದುವೆಗೆ ಯಾರೂ ಕರೆಯಲಿಲ್ಲ. ಸಿನಿಮಾ ಹಾಡು ಹಾಕುತ್ತೇನೆ ಎಂದು ಒಂದು ಮಾತು ಅಂದಿದ್ದರೆ ಕರೆಯುತ್ತಿದ್ದರು. ಅನ್ನಲಿಲ್ಲ. ಹಟಕ್ಕೂ ಒಂದು ಮಿತಿ ಬೇಡವೇ ಎಂದು ನಾನೇ ಬೈದೆ.

ಎಂಬತ್ತರ ದಶಕದ ಕೊನೆಗೆ ಅವನು ತೀರಿಕೊಂಡ. ಹೆಣದ ಮುಂದೆ ಬೇರೆ ಮೈಕಿನವನೊಬ್ಬ ಕ್ಯಾಸೆಟ್ಟಿನಲ್ಲಿ ತತ್ವಪದ ಹಾಕಿದ್ದ. ಒಂದು ಪದ ಅರ್ಧವಾಗುವಷ್ಟರಲ್ಲಿ ಗುಂಡಿ ಒತ್ತಿ ಮುಂದಿನದಕ್ಕೆ ಓಡಿಸುತ್ತಿದ್ದ. ಅಳುತ್ತಿದ್ದ ನಾನು ಎದ್ದು ಹೋಗಿ ಅವನ ಕೈ ಸರಿಸಿದೆ.

"ಪದ ಮುಗಿಯೂತನಕ ಮುಟ್ಟಬ್ಯಾಡ."

"ಹೊತ್ತಾಗತೈತ್ರಿ, ಎತ್ತಬೇಕಲ್ರಿ," ಎಂದ.

"ಆಗ್ಲಿ."

ಭಾಳ ಉದ್ದದ ಪದ ಅದು. ಹೆಗಲು ಕೊಡುವವರು ಬಿಸಿಲಲ್ಲಿ ನಿಂತೇ ಇದ್ದರು.