ಲ್ಯಾಬಿನಲ್ಲಿ ಮುಸುರೆ ಕೈ

ಸ್ನೇಹಿತರೇ, ಇವತ್ತು ನನ್ನದೇ ಲ್ಯಾಬಿನಲ್ಲಿ, ಇಪ್ಪತ್ತು ಜನರೆದುರು, ನಾನು ಬೈಸಿಕೊಂಡೆ.

ಬಸವನಗುಡಿಯ ನಮ್ಮ ಕಾಲೇಜಿಗೆ ಸುತ್ತಮುತ್ತಲ ಮನೆಯವರನ್ನು ಕರೆದು ಸಿಂಥೆಟಿಕ್ ಬಯಾಲಜಿ ಹೇಳಿಕೊಡುತ್ತಿದ್ದೆ. ಬ್ಯಾಕ್ಟೀರಿಯಾಗೆ ಹೊಸ ಜೀನ್ ಸೇರಿಸಿದರೆ ಅದು ಹಸಿರಾಗಿ ಹೊಳೆಯುತ್ತದೆ ಎಂದು ತೋರಿಸುವ ಪಾಠ.

"ಇಂಥದ್ದು ಆಚೆ ಬಂದ್ಬಿಟ್ರೆ ಏನ್ರೀ ಗತಿ?" ಎಂದು ನಿವೃತ್ತ ಮೇಷ್ಟ್ರೊಬ್ಬರು ಎರಡು ಸಲ ಕೇಳಿದರು.

"ನಾವು ತುಂಬಾ ಹುಷಾರಾಗಿರ್ತೀವಿ ಸಾರ್" ಎನ್ನುವಷ್ಟರಲ್ಲಿ ಫೋನ್ ಬಂತು. ಗ್ಲೌಸ್ ಹಾಕಿದ ಕೈಯಲ್ಲೇ ಅದನ್ನು ಜೇಬಿನಿಂದ ತೆಗೆದು ಕಟ್ ಮಾಡಿ, ಅದೇ ಕೈಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮುಚ್ಚಳ ತೆಗೆಯಹೋದೆ.

"ನಿಲ್ಸಿ! ಊಟ ಮಾಡ್ತಾ ಒತ್ತೋ ಫೋನು ಅದು. ಕೈ ಮುಸುರೆ ಆಯ್ತು!" ಎಂದು ಕೂಗಿದವರು ಶಂಕರಪುರಂನ ಕಮಲಮ್ಮ. ಎಂಬತ್ತರ ಹತ್ತಿರದವರು.

"ಅಮ್ಮಾ, ಇದು ಅಡುಗೆಮನೆ ಅಲ್ಲ. ಗ್ಲೌಸ್ ಹಾಕಿದೀನಲ್ಲ."

"ಗ್ಲೌಸು ನಿಮ್ಮ ಕೈ ಕಾಯತ್ತೆ. ಆ ತಟ್ಟೆ ಕಾಯೋರ್ಯಾರು? ಅನ್ನ ಮುಟ್ಟಿದ ಕೈನ ಉಪ್ಪಿನಕಾಯಿ ಜಾಡಿಗೆ ಹಾಕಿದ್ರೆ ಬೂಷ್ಟು ಬರಲ್ವಾ?"

ಬರುತ್ತದೆ. ವಿದ್ಯಾರ್ಥಿಗಳಿಗೆ ಇದನ್ನೇ ಹೇಳಲು ನಾನು ಹನ್ನೆರಡು ಸ್ಲೈಡ್ ಮಾಡಿಟ್ಟಿದ್ದೇನೆ. ತೆಪ್ಪಗೆ ಗ್ಲೌಸ್ ಬದಲಿಸಿದೆ. ಅಲ್ಲಿಂದಾಚೆಗೆ ಎಲ್ಲರ ಕಣ್ಣೂ ನನ್ನ ಕೈಮೇಲೆ. ಪ್ರಶ್ನೆಗಳೂ ಶುರುವಾದವು. ಕೊನೆಗೆ ದೀಪ ಆರಿಸಿ, ಮೊದಲೇ ಬೆಳೆಸಿಟ್ಟಿದ್ದ ತಟ್ಟೆಯ ಮೇಲೆ ನೀಲಿ ಟಾರ್ಚ್ ಬಿಟ್ಟು ತೋರಿಸಿದಾಗ ಆ ಹಸಿರು ಬೆಳಕಿಗೆ ಮೊದಲು ಚಪ್ಪಾಳೆ ತಟ್ಟಿದವರೂ ಕಮಲಮ್ಮನವರೇ.

ಹೊರಡುವಾಗ ಮೇಷ್ಟ್ರು, "ಈಗ ಭಯ ಇಲ್ಲ ಬಿಡಿ" ಎಂದರು. ನನ್ನ ಪಾಠದ ಫಲ ಎಂದು ಬೀಗಿದೆ.

"ಆಯಮ್ಮನ್ನ ಮಾತ್ರ ಇಲ್ಲೇ ಇಟ್ಕೊಳಿ."

ಮೇಜಿನ ಪಕ್ಕ ಒಂದು ಕುರ್ಚಿ ಹಾಕಿಸಿಯೇ ಮನೆಗೆ ಬಂದೆ.