ಒಳಪುಟದಲ್ಲಿ ಹೆಚ್ಚಾದ ನಾಲ್ಕು ಸಾಲು

ನಮ್ಮ ದೊಡ್ಡಮ್ಮನಿಗೆ ಮನೆಯವರಿಟ್ಟ ಅಡ್ಡಹೆಸರು ಚುಕ್ಕಿ. ಮೂವತ್ತೊಂದು ವರ್ಷ ದಿನಪತ್ರಿಕೆಯೊಂದರಲ್ಲಿ ಒಂದು ಚುಕ್ಕಿ ತಪ್ಪಿದರೂ ಬಿಡದೆ ಕರಡು ತಿದ್ದಿದವಳು. ಜ್ವರ ಬಂದು ಮಲಗಿದ್ದಾಗಲೂ ಮಾತ್ರೆಯ ಪೊಟ್ಟಣದಲ್ಲಿ ಮೊದಲು ಅಚ್ಚಿನ ತಪ್ಪು ಹುಡುಕಿ ಆಮೇಲೆ ಮಾತ್ರೆ ನುಂಗುವಳು. ಪತ್ರಿಕೆ ಮುಚ್ಚಿದ ಮೇಲೆ ಕೈಕಟ್ಟಿ ಕೂರಲಾರದೆ, ಯಾರು ಬೇಕಾದರೂ ತುಂಬಬಹುದಾದ ಅಂತರಜಾಲದ ಆ ದೊಡ್ಡ ಮಾಹಿತಿಕೋಶದಲ್ಲಿ ಆಧಾರಗಳನ್ನು ಪರೀಕ್ಷಿಸುವ ಕೆಲಸ ಹಿಡಿದಳು. ಅಡುಗೆಮನೆಯ ಮೇಜೇ ಕಚೇರಿ. ಪ್ರತಿ ಹೇಳಿಕೆಗೂ ಮೂರು ಪ್ರಶ್ನೆ: ಕೊಟ್ಟ ಕೊಂಡಿ ತೆರೆಯುತ್ತದೆಯೇ? ಅಲ್ಲಿ ಆ ಮಾತು ಇದೆಯೇ? ಹೇಳಿದವರು ನಂಬಿಕಸ್ಥರೇ?

ಒಂದು ಮಧ್ಯಾಹ್ನ ಹಳೆಯ ಗಿರಣಿಯೊಂದರ ಬೆಂಕಿ ಅನಾಹುತದ ಪುಟ ಬಂತು. ಕಾರಣ, ಬಾಯ್ಲರ್ ನೋಡಿಕೊಳ್ಳುವವನ ನಿರ್ಲಕ್ಷ್ಯ ಎಂದಿತ್ತು.

"ಅವನ ಮಗಳು ಇದನ್ನ ಮೂರನೇ ಸಲ ಅಳಿಸಿದಾಳೆ ಕಣೇ. ‘ನಮ್ಮಪ್ಪ ಅವತ್ತು ಕೆಲಸಕ್ಕೇ ಹೋಗಿರ್ಲಿಲ್ಲ, ಇವತ್ತಿಗೂ ತಲೆ ತಗ್ಗಿಸ್ಕೊಂಡು ಓಡಾಡ್ತಾರೆ’ ಅಂತ ಬರ್ದಿದಾಳೆ. ಮಗಳು ಹೇಳಿದ್ರೆ ಆಧಾರ ಆಗತ್ತಾ?"

"ಪಾಪ, ಬಿಟ್ಬಿಡಬಾರ್ದಾ ದೊಡ್ಡಮ್ಮ?"

"ಪಾಪ ಅನ್ನೋಕೆ ಇಲ್ಲಿ ಕಾಲಂ ಇಲ್ಲ."

ಮಗಳ ಮಾತಿಗೆ ‘ಆಧಾರವಿಲ್ಲ’ ಎಂದು ಬರೆದು ಅಳಿಸಿದ ಹೇಳಿಕೆಯನ್ನು ಮತ್ತೆ ಕೂರಿಸಿದಳು. ನನಗೆ ಸಿಟ್ಟು ಬಂತು. ಅವಳು ಮಾಡಿದ್ದು ಸರಿ ಎಂದು ಗೊತ್ತಿದ್ದುದರಿಂದ ಇನ್ನಷ್ಟು ಬಂತು.

ನಾನು ತಟ್ಟೆ ತೊಳೆಯುತ್ತಿದ್ದೆ. ಅವಳು ಆ ಹೇಳಿಕೆಗೆ ಕೊಟ್ಟಿದ್ದ ಆಧಾರ ನೋಡತೊಡಗಿದಳು. "ಕೊಂಡಿ ತೆರೀತು. ಮಾತೂ ಇದೆ," ಎಂದಳು. ಮೂರನೆಯ ಪ್ರಶ್ನೆಗೆ ಪತ್ರಿಕೆಯ ಹೆಸರು ಹುಡುಕಿದಳು. ತಿರುಗಿ ನೋಡಿದರೆ ಮುಖ ಬಿಳಚಿಕೊಂಡಿತ್ತು.

"ಇದು ನಮ್ಮ ಪೇಪರೇ."

ನೀರು ಕೊಟ್ಟೆ. ಕುಡಿಯಲಿಲ್ಲ.

"ಈ ಸುದ್ದಿ ಹಾಕಿದ ಮಾರನೇ ದಿನ ಆಫೀಸಿಗೆ ತಿದ್ದುಪಡಿ ಬಂದಿತ್ತು ಕಣೇ. ಅವನು ರಜೇಲಿದ್ದ, ಬೆಂಕಿ ಹತ್ತಿದ್ದು ಹಳೇ ಕರೆಂಟ್ ವೈರ್‌ನಿಂದ ಅಂತ. ಒಳಪುಟ ಕಟ್ಟೋರು ನಾಲ್ಕು ಸಾಲು ಹೆಚ್ಚಾಯ್ತು, ಏನು ತೆಗೀಲಿ ಅಂತ ಕೇಳಿದ್ರು. ಇದನ್ನ ನಾಳೆ ಹಾಕಿದ್ರಾಯ್ತು ಅಂದೆ. ನಾಳೆ ಅವರೂ ಮರೆತ್ರು, ನಾನೂ ಮರೆತೆ."

ಎಷ್ಟೋ ಸಾವಿರ ಚುಕ್ಕಿಗಳನ್ನು ಹಿಡಿದವಳು ಒಬ್ಬ ಮನುಷ್ಯನನ್ನೇ ಬಿಟ್ಟುಬಿಟ್ಟಿದ್ದಳು. ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಅವಳ ಮೇಲಿನ ನನ್ನ ಸಿಟ್ಟು ಸಂಕಟವಾಗಿ, ನನಗೂ ಸೇರಲಿಲ್ಲ.

ಮೂರನೆಯ ದಿನ, ‘ನಂಬಿಕಸ್ಥರೇ?’ ಎಂಬಲ್ಲಿ ‘ಅಲ್ಲ’ ಎಂದು ಗುರುತು ಹಾಕಿದಳು. ಹೇಳಿಕೆಯನ್ನು ಅಳಿಸಿ, ಅಳಿಸಿದ ಕಾರಣ ಬರೆಯುವ ಜಾಗದಲ್ಲಿ ‘ತಿದ್ದುಪಡಿ ಬಂದಿತ್ತು, ತಡೆದವಳು ನಾನು’ ಎಂದು ಬರೆದು ಕೆಳಗೆ ತನ್ನ ಹೆಸರು ಹಾಕಿದಳು. ಮೂವತ್ತೊಂದು ವರ್ಷದಲ್ಲಿ ಪತ್ರಿಕೆಯಲ್ಲಿ ಒಮ್ಮೆಯೂ ಅಚ್ಚಾಗದ ಹೆಸರು ಅದು.

ಸಂಜೆಯೊಳಗೆ ಹೇಳಿಕೆ ಮತ್ತೆ ಮೊದಲಿನ ಜಾಗದಲ್ಲೇ ಕೂತಿತ್ತು. ಇನ್ಯಾರೋ ಪರೀಕ್ಷಕರು ಕಾರಣ ಬರೆದಿದ್ದರು. ದೊಡ್ಡಮ್ಮ ಕನ್ನಡಕ ಏರಿಸಿ, ಕರಡು ಓದುವ ಹಾಗೆ ಅಕ್ಷರ ಬಿಡಿಸಿ ಓದಿದಳು.

"ಆಧಾರವಿಲ್ಲ."

ಕನ್ನಡಕ ತೆಗೆದಿಟ್ಟು, "ನಾನಾಗಿದ್ರೂ ಇದನ್ನೇ ಬರೀತಿದ್ದೆ," ಎಂದಳು.

ಆಮೇಲೆ ಆ ಮಗಳಿಗೆ ಪತ್ರ ಬರೆಯಲು ಕೂತಳು. ‘ನಿಮ್ಮ ತಂದೆಯವರು’ ಎಂಬಲ್ಲಿಗೆ ನಿಂತವಳು ಇನ್ನೂ ಮುಂದೆ ಹೋಗಿಲ್ಲ.