ಎಂಜಿನ್ ಬಿಟ್ಟುಕೊಟ್ಟ ಸೀಟು

ಕಾರು ನಿಲ್ಲಿಸುವ ಜಾಗಕ್ಕೆ ಜನ ಜುಟ್ಟು ಹಿಡಿದು ಜಗಳವಾಡುವ ಹನುಮಂತನಗರದ ರಸ್ತೆಯಲ್ಲಿ, ತಿರುಮಲೇಶರು ತಮ್ಮ ಕಾರನ್ನು ಬೀದಿಗೆ ತಳ್ಳಿ ಶೆಡ್ಡಿನೊಳಗೆ ಹಳೆಯ ಮರದ ಮೋಟಾರ್ ದೋಣಿಯೊಂದನ್ನು ಸಾಕಿಕೊಂಡಿದ್ದರು. ಕುಡಿಯುವ ನೀರಿಗೇ ಟ್ಯಾಂಕರ್ ಕರೆಸುವ ಊರಿನಲ್ಲಿ ದೋಣಿ! ಇವರಿಗೆ ತಲೆ ಕೆಟ್ಟಿದೆ ಎಂದು ನೆಂಟರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ತಿರುಮಲೇಶರು ಆ ಶ್ರಮವನ್ನೂ ಅವರಿಗೆ ಉಳಿಸುತ್ತಿದ್ದರು. "ಈಜು ಬರಲ್ಲ. ಬಚ್ಚಲಲ್ಲಿ ನೀರು ಕಟ್ಕೊಂಡ್ರೂ ಎದೆ ಢವಢವ ಅನ್ನುತ್ತೆ. ನೋಡಿ, ಇಂಥವನು ದೋಣಿ ಮಾಲೀಕ!"

ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಪಾಠ ಹೇಳಿ ನಿವೃತ್ತರಾದವರು. ಎದುರಿಗೊಬ್ಬ ಶ್ರೋತೃ ಇಲ್ಲದಿದ್ದರೆ ಅನ್ನ ಸೇರುವುದಿಲ್ಲ. ಹಾಲಿನವನು ಸಿಕ್ಕರೂ ಹಿಡಿದು ನಿಲ್ಲಿಸಿ ದೋಣಿಗಳ ಚರಿತ್ರೆ ಬಿಚ್ಚುತ್ತಿದ್ದರು. ಮೊದಮೊದಲು ಎಂಜಿನ್ನನ್ನು ದೋಣಿಯ ನಟ್ಟನಡುವೆ ಕೂರಿಸಿ, ಉದ್ದನೆಯ ಒಂದೇ ಶಾಫ್ಟನ್ನು, ಅಂದರೆ ತಿರುಗುವ ಸರಳನ್ನು, ಓರೆಯಾಗಿ ನೀರಿಗಿಳಿಸಿ, ತುದಿಗೆ ನೀರು ತಳ್ಳುವ ಫ್ಯಾನು ಸಿಕ್ಕಿಸುತ್ತಿದ್ದರಂತೆ. ಗಟ್ಟಿ ವ್ಯವಸ್ಥೆಯೇ, ಆದರೆ ಒಳ್ಳೆಯ ಜಾಗವೆಲ್ಲ ಎಂಜಿನ್ನಿಗೆ, ಜನ ಮೂಲೆಗೆ. ಆಮೇಲೆ ಯಾರೋ ಪುಣ್ಯಾತ್ಮರು ಎಂಜಿನ್ನನ್ನು ಹಿಂದುಮುಂದಾಗಿ ತಿರುಗಿಸಿ ದೋಣಿಯ ಹಿಂತುದಿಗೆ ಸರಿಸಿದರು. ಅದರ ಶಕ್ತಿ ಮೊದಲು ಮುಂದಕ್ಕೆ ಬಂದು, ಗೇರ್ ಪೆಟ್ಟಿಗೆಯಲ್ಲಿ ಹೊರಳಿ, ಮತ್ತೆ ಹಿಂದಿನ ಫ್ಯಾನಿಗೆ ಹೋಗುತ್ತದೆ. ವಿ-ಡ್ರೈವ್ ಎಂದು ಅದಕ್ಕೆ ಹೆಸರು. ನಡುವಿನ ಜಾಗ ಮನುಷ್ಯರಿಗೆ ಸಿಕ್ಕಿತು.

"ಒಂದು ಎಚ್ಚರಿಕೆ ಕಣಪ್ಪಾ," ಎಂದು ಹಾಲು ಒಡೆಯುವ ಹೊತ್ತಿಗೆ ಪಾಠ ಮುಗಿಸುತ್ತಿದ್ದರು. "ಎಂಜಿನ್ನು, ಗೇರು ಬದಲಾಯಿಸಿದ್ರೆ ಫ್ಯಾನು ಯಾವ ಕಡೆ ಸುತ್ತುತ್ತೆ ನೋಡ್ಕೋಬೇಕು. ದಡ್ಡರು ಮಾತ್ರ ಮರೀತಾರೆ."

ಅವರ ದೋಣಿಯದೂ ಹಳೇ ಕಾಲದ ನಡು-ಎಂಜಿನ್ನೇ. ಹೆಂಡತಿ ಸತ್ಯಭಾಮಾ ಒಂದು ದಿನ ಅದರೊಳಗೆ ಇಣುಕಿ, "ರೀ, ಇದ್ರಲ್ಲಿ ನಾನೆಲ್ಲಿ ಕೂತ್ಕೊಳ್ಲಿ? ಇಲ್ಲೂ ಮೂಲೇಲೇನಾ?" ಎಂದರು. ಆ 'ಇಲ್ಲೂ' ಎನ್ನುವುದು ತಿರುಮಲೇಶರಿಗೆ ಚುರುಕ್ ಎಂದಿತು. ಹಾಲ್‌ನ ನಡುವೆ ಕಬ್ಬಿಣ ಕಡೆಯುವ ಅವರ ಲೇತ್ ಮೆಷಿನ್ನು, ಊಟದ ಮೇಜಿನ ತುಂಬ ಬಿಚ್ಚಿಟ್ಟ ಕಾರ್ಬುರೇಟರು, ಹೆಂಡತಿ ಗೋಡೆಗೊರಗಿ ತಟ್ಟೆಯನ್ನು ಕೈಯಲ್ಲೇ ಹಿಡಿದು ಉಣ್ಣುವುದು. ಇಷ್ಟು ವರ್ಷ ಇದನ್ನು ನೋಡಿಯೂ ನೋಡದ ತಮ್ಮ ಬಗ್ಗೆ ಅವರಿಗೆ ನಾಚಿಕೆಯಾಯಿತು. ದೋಣಿಯಲ್ಲಾದರೂ ಆಕೆ ನಡುವೆ ಕೂರಬೇಕು, ಎಂಜಿನ್ ಹಿಂದಕ್ಕೆ ಹೋಗಲೇಬೇಕು ಎಂದು ಹಟ ಹಿಡಿದರು.

"ಮಾಡಿ," ಎಂದರು ಸತ್ಯಭಾಮಾ. "ಆಯುಧಪೂಜೆಗೆ ಓಡ್ಬೇಕು. ಓಡ್ಲಿಲ್ವೋ, ಮಾರನೇ ದಿನವೇ ಗುಜರಿಯವನನ್ನ ಕರೆಸ್ತೀನಿ."

ಆಯುಧಪೂಜೆಯ ದಿನ ಬೇಗೂರಿನಾಚೆ ಗೆಳೆಯ ಸಿದ್ದರಾಜು ಅವರ ತೋಟದ ದೊಡ್ಡ ಹೊಂಡದಲ್ಲಿ, ಎಂಜಿನ್ ಹಿಂದಕ್ಕೆ ಸರಿಸಿಕೊಂಡ ದೋಣಿ ತೇಲಿತು. ಕುಂಕುಮ, ಹೂವು, ಕಾಯಿ ಎಲ್ಲ ಆಯಿತು. ನಿಂಬೆಹಣ್ಣು ಇಡಲು ಮಾತ್ರ ದೋಣಿಗೆ ಗಾಲಿಯೇ ಇಲ್ಲ. ಸತ್ಯಭಾಮಾ ಬಿಡುವವರೇ? ಹಣ್ಣನ್ನು ದೋಣಿಯ ಮೂತಿಯೆದುರು ನೀರಿನಲ್ಲೇ ತೇಲಿಬಿಟ್ಟರು. "ಇದರ ಮೇಲೇ ಮುಂದಕ್ಕೆ ಹೋಗ್ಬೇಕು. ಹೊಸ ಗಾಡಿ ಮೊದಲ ಸಲ ಹಿಂದಕ್ಕೆ ಹೋದ್ರೆ ಅಪಶಕುನ." ರೇಷ್ಮೆ ಸೀರೆಯ ನೆರಿಗೆ ಹಿಡಿದು ಒಳಗಿಳಿದು, ನಡುವಿನ ಸೀಟಿನಲ್ಲಿ ಸುಖವಾಗಿ ಕೂತರು.

ಎಂಜಿನ್ ಒಂದೇ ಎಳೆತಕ್ಕೆ ಶುರುವಾಯಿತು. ತಿರುಮಲೇಶರು ಗತ್ತಿನಿಂದ ಗೇರ್ ಕೋಲನ್ನು ಮುಂದಕ್ಕೆ ತಳ್ಳಿದರು. ನಿಂಬೆಹಣ್ಣು ದೂರ ಹೋಗತೊಡಗಿತು.

"ಸಾರ್, ರಿವರ್ಸ್ ಹೊಡೀತಿದೆ!" ದಡದಿಂದ ಸಿದ್ದರಾಜು ಕೂಗಿದರು.

ದೋಣಿ ಮೆರವಣಿಗೆಯಂತೆ ಹಿಂದಕ್ಕೆ ಸಾಗಿ ಜೊಂಡಿನೊಳಗೆ ಹಿಂಬದಿ ತೂರಿಸಿ ನಿಂತಿತು. ಉಲ್ಟಾ ಸುತ್ತುವ ಹೊಸ ಗೇರ್ ಪೆಟ್ಟಿಗೆಗೆ ಹಳೇ ಫ್ಯಾನನ್ನೇ, ಅದೂ ಕೈಯಾರೆ ಉಜ್ಜಿ ಹೊಳೆಸಿ, ಸಿಕ್ಕಿಸಿದ್ದರು ಮಹಾನುಭಾವರು. ಭೂಮಿ ಬಾಯಿಬಿಡಬಾರದೇ ಎನ್ನೋಣವೆಂದರೆ ಕೆಳಗೆ ಭೂಮಿಯೂ ಇಲ್ಲ. ದೋಣಿ ಗುಜರಿಗೆ ಹೋಗುತ್ತದೆ, ಇವಳು ಮತ್ತೆ ಗೋಡೆಗೊರಗುತ್ತಾಳೆ ಎಂದುಕೊಂಡರು.

"ಭಾಮಾ, ದಡ್ಡರು ಮಾತ್ರ ಮರೀತಾರೆ ಅಂತಿದ್ನಲ್ಲ," ಎಂದರು ಮೆಲ್ಲಗೆ. "ಆ ದಡ್ಡ ಸಿಕ್ಕಿದ."

ಸೀರೆಗೆ ಅಂಟಿದ ಜೊಂಡನ್ನು ಸತ್ಯಭಾಮಾ ಕಿತ್ತೆಸೆದರು. ತಿರುಮಲೇಶರು ದೇವರ ಮೇಲೆ ಭಾರ ಹಾಕಿ ಕೋಲನ್ನು ರಿವರ್ಸಿಗೆ ಎಳೆದರು. ದೋಣಿ ಜೊಂಡು ಬಿಟ್ಟು ಮುಂದಕ್ಕೆ ಹೊರಟಿತು! ನಿಂಬೆಹಣ್ಣು ಮೂತಿಯಡಿ ಮುಳುಗಿ, ಪಕ್ಕದಲ್ಲಿ ಬುಳಕ್ಕನೆ ಎದ್ದಿತು. ಜೀವ ಬಂದ ಖುಷಿಗೆ ಬಾಯಿಯೂ ಬಂತು: "ಯಾಕೆ ಹಿಂದಕ್ಕೆ ಹೋಯ್ತು ಅಂದ್ರೆ, ಮೊದಲು ಶಾಫ್ಟು..."

"ಅಯ್ಯೋ ರೀ! ಎಂಜಿನ್ ನಡುವೆ ಇದ್ದಿದ್ರೆ ನಿಮ್ಮ ಪಾಠನಾದ್ರೂ ಕೇಳಿಸ್ತಿರ್ಲಿಲ್ಲ."

ತಿರುಮಲೇಶರು ದೋಣಿಯನ್ನು ಹೊಂಡದ ಸುತ್ತ ತಿರುಗಿಸಿದರು. ಒಂದು ಸುತ್ತು ಮುಗಿದ ಮೇಲೆ ಅಳುಕುತ್ತಲೇ ಕೇಳಿದರು: "ನಾಳೆ ಗುಜರಿಯವನು ಬರ್ತಾನಾ?"

"ಬರ್ಲಿ," ಎಂದರು ಸತ್ಯಭಾಮಾ, ಸೀಟಿನ ಎರಡೂ ಕಡೆಗೆ ತೋಳು ಚಾಚಿ. "ಹಾಲ್‌ನಲ್ಲಿರೋ ಲೇತ್ ಕೊಟ್ಬಿಡೋಣ. ನಂಗೆ ನಡುವೆ ಕೂತು ಅಭ್ಯಾಸ ಆಗೋಯ್ತು."

ತಿರುಮಲೇಶರು ಬಾಯಿ ಮುಚ್ಚಿಕೊಂಡು ಇನ್ನೊಂದು ಸುತ್ತು ಹೊಡೆಸಿದರು.